ದಾಂಪತ್ಯ ಸೊರಗಿದರೆ ದೇಹವೂ ಸೊರಗುತ್ತದೆ

ತಲೆನೋವು, ಬೆನ್ನುನೋವು, ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಇಂಥ ದೂರುಗಳನ್ನು ಹೊತ್ತು ವೈದ್ಯರ ಬಳಿ ಬರುವ ಗೃಹಿಣಿಯರು ಕಡಿಮೆಯೇನಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಾಗಿಯೇ ಇರುತ್ತವೆ. ಗುಳಿಗೆ ನುಂಗಿದ ನಾಲ್ಕು ದಿನ ಆರಾಮ, ಐದನೆಯ ದಿನ ಮತ್ತೆ ಅದೇ ನೋವು. "ಮನೆಯಲ್ಲಿ ಹೇಗಿದೆ?" ಎಂದು ವೈದ್ಯರು ಕೇಳಿದರೆ ಜೊತೆಗೆ ಬಂದ ಗಂಡನೇ ಉತ್ತರ ಕೊಡುತ್ತಾನೆ: "ಮನೇಲಿ ಎಂತ ತೊಂದ್ರೆಯೂ ಇಲ್ಲೆ ಡಾಕ್ಟ್ರೆ." ಹೆಂಡತಿ ನೆಲ ನೋಡುತ್ತಾಳೆ.

ಎಲ್ಲ ತಲೆನೋವಿಗೂ ಸಂಸಾರವೇ ಕಾರಣವೆಂದು ತಿಳಿಯಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಕಣ್ಣಿನ ದೋಷಗಳನ್ನು ಮೊದಲು ಪರೀಕ್ಷಿಸಲೇಬೇಕು. ಅವೆಲ್ಲ ಇಲ್ಲವೆಂದಾದ ಮೇಲೆ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಅದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈಗ ಮದುವೆಯ ಮಾತೆಂದರೆ ಒಂದೇ: ತೋಟದ ಮನೆಯ ಹುಡುಗರಿಗೆ ಹುಡುಗಿ ಸಿಗುವುದಿಲ್ಲ. ಇದು ಇಲ್ಲಿಯ ಮಾತಷ್ಟೇ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ವಧು ಸಿಗಲೆಂದು ಬೇಡಿಕೊಳ್ಳುತ್ತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೋದರು. ಬಾರದ ಹುಡುಗಿಯ ಬಗ್ಗೆ ಇಷ್ಟೊಂದು ಚರ್ಚೆ. ಆದರೆ ಬಂದವಳು ಹೇಗಿದ್ದಾಳೆ, ಅವಳನ್ನು ಕಟ್ಟಿಕೊಂಡವನು ಹೇಗಿದ್ದಾನೆ ಎಂದು ವಿಚಾರಿಸುವವರು ಎಲ್ಲಿದ್ದಾರೆ?

ತೋಟದ ಮನೆಯ ಒಳಗೆ

ಶಿರಸಿ ತಾಲ್ಲೂಕಿನ ಭೈರುಂಬೆಯ ಸುತ್ತಲಿನ ಯಾವುದಾದರೊಂದು ಅಡಿಕೆ ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಾಗುವ ಮೊದಲೇ ಮನೆಯಾಕೆ ಕೊಟ್ಟಿಗೆಯಲ್ಲಿರುತ್ತಾಳೆ. ಹಾಲು ಕರೆದು, ಆಸರಿ, ತಿಂಡಿ, ಮಕ್ಕಳ ಡಬ್ಬಿ, ಅತ್ತೆ ಮಾವನ ಔಷಧಿ, ಆಳುಗಳ ಊಟ ಎನ್ನುವಷ್ಟರಲ್ಲಿ ಮಧ್ಯಾಹ್ನ. ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿಯುವವರ ಜೊತೆ ರಾತ್ರಿಯೂ ಕೂರಬೇಕು. ಯಜಮಾನನಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಕೊಳೆ ರೋಗದ ಭಯ, ಔಷಧಿ ಹೊಡೆಯುವವರು ಸಿಗದ ಚಿಂತೆ, ದರದ ಏರಿಳಿತ, ಸೊಸೈಟಿಯ ಸಾಲದ ಕಂತು. ಇಬ್ಬರೂ ದುಡಿದು ಹಣ್ಣಾಗಿರುತ್ತಾರೆ. ತನ್ನ ದಣಿವು ಇನ್ನೊಬ್ಬರ ಕಣ್ಣಿಗೆ ಬೀಳುತ್ತಿಲ್ಲ ಎಂದು ಇಬ್ಬರಿಗೂ ಅನಿಸುತ್ತಿರುತ್ತದೆ.

ಈ ಲೆಕ್ಕದಲ್ಲಿ ಇಬ್ಬರೂ ಸಮಾನರೇನಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ದೇಶದಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕಾಗಿ ದುಡಿಯುತ್ತಾರೆ. ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುವವರೇ ನೂರಕ್ಕೆ 26 ಮಂದಿ. ಅವರು ಕೊಡುವ ಸಮಯ 97 ನಿಮಿಷ.

ಆದರೆ ಕೆಲಸದ ಭಾರಕ್ಕಿಂತ ಹೆಚ್ಚು ಕೊರೆಯುವ ಸಂಗತಿ ಬೇರೊಂದಿದೆ. ತನ್ನ ಮಾತಿಗೆ ಮನೆಯಲ್ಲಿ ಬೆಲೆಯಿದೆಯೇ ಎಂಬುದು. ಅಡಿಕೆ ಮಾರಿದ ಹಣ ಬಹಳಷ್ಟು ಮನೆಗಳಲ್ಲಿ ಯಜಮಾನನ ಹೆಸರಿನ ಖಾತೆಗೇ ಜಮೆಯಾಗುತ್ತದೆ. ಅದರಲ್ಲಿ ಅವಳ ಬೆವರೂ ಇದೆ. ಆದರೂ ತವರಿಗೆ ಹೋಗುವ ಬಸ್ಸಿನ ಚಾರ್ಜಿಗೆ ಅವಳು ಕೈಯೊಡ್ಡಬೇಕು. ಕೊಟ್ಟಿಗೆಯ ಕೆಲಸ ಅವಳದು. ಆಕಳು ಮಾರುವ ತೀರ್ಮಾನ ಜಗಲಿಯಲ್ಲಿ ಆಗಿಹೋಗಿರುತ್ತದೆ. ಪದವಿ ಓದಿ ಬಂದ ಸೊಸೆಗೆ ಇದು ಇನ್ನೂ ಕಷ್ಟ. "ಹೊಂದಿಕೊಂಡು ಹೋಗು" ಎಂಬ ಬುದ್ಧಿವಾದ ತವರಿನಿಂದಲೂ ಅವಳಿಗೇ ಬರುತ್ತದೆ. ಮಗನಿಗೆ ಅದೇ ಮಾತು ಹೇಳಿದ ಆಯಿ ಅಪ್ಪಯ್ಯ ಎಷ್ಟು ಮಂದಿ ಇದ್ದಾರೋ!

ಜಾತಕದ ಬಗ್ಗೆಯೂ ಒಂದು ಮಾತು. ಗಣಕೂಟ ಎಷ್ಟು ಬಂತೆಂದು ಗಂಟೆಗಟ್ಟಲೆ ನೋಡುತ್ತೇವೆ. ಅಡುಗೆಮನೆಗೆ ಗಂಡ ಕಾಲಿಡುತ್ತಾನೆಯೇ, ಹಣದ ವ್ಯವಹಾರ ಹೆಂಡತಿಗೆ ತಿಳಿಸುತ್ತಾನೆಯೇ ಎಂದು ಹೆಣ್ಣಿನ ಕಡೆಯವರು ಕೇಳುವುದಿಲ್ಲ. ಕೇಳಿದರೆ ಸಂಬಂಧವೇ ಮುರಿದೀತೆಂಬ ಅಂಜಿಕೆ.

ಮಾತು ಬಿಡುವುದು

ನಮ್ಮ ಕಡೆ ಗಂಡ ಹೆಂಡಿರ ಜಗಳ ಬೀದಿಗೆ ಬರುವುದು ಅಪರೂಪ. ನಮ್ಮದು ಮೌನದ ಜಗಳ. ಜಗಲಿಯ ಮೇಲೆ ನೆಂಟರೊಡನೆ ಕವಳ ಹಾಕುತ್ತ ಎರಡು ತಾಸು ಹರಟುವ ಯಜಮಾನ ಒಳಗೆ ಬಂದರೆ ಎರಡು ಮಾತು ಆಡುವುದಿಲ್ಲ. "ಎಂತಾ ಆತೇ?" ಎಂದು ಕೇಳಿದರೆ ಅವಳು "ಎಂತೂ ಇಲ್ಲೆ" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ವಾರಗಟ್ಟಲೆ ಮಕ್ಕಳ ಮೂಲಕವೇ ವ್ಯವಹಾರ: "ಅಪ್ಪಯ್ಯಂಗೆ ಊಟಕ್ಕೆ ಬರಕ್ಕೆ ಹೇಳು."

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಎಂಬ ಮನೋವಿಜ್ಞಾನಿ ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಭ್ಯಸಿಸಿದರು. ಸಂಸಾರವನ್ನು ಕೆಡಿಸುವ ನಾಲ್ಕು ಅಭ್ಯಾಸಗಳನ್ನು ಅವರು ಗುರುತಿಸಿದ್ದಾರೆ. ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ಯಾವ ತಪ್ಪನ್ನೂ ಒಪ್ಪದೆ ಸಮರ್ಥಿಸಿಕೊಳ್ಳುವುದು, ಮತ್ತು ಗೋಡೆಯಂತೆ ಮಾತು ನಿಲ್ಲಿಸಿಬಿಡುವುದು. ಇವುಗಳಲ್ಲಿ ತಿರಸ್ಕಾರ ಅತ್ಯಂತ ವಿಷಕಾರಿ ಎನ್ನುತ್ತಾರೆ ಅವರು. ನೆಂಟರ ಮುಂದೆ "ಅದಕ್ಕೆ ಎಂತ ಗೊತ್ತಾಗ್ತು" ಎಂದು ಹೆಂಡತಿಯನ್ನು ನಗೆಪಾಟಲು ಮಾಡುವುದು ತಿರಸ್ಕಾರವೇ. ಗಂಡನ ಗಳಿಕೆಯನ್ನು ಬೆಂಗಳೂರಿನ ಭಾವನ ಸಂಬಳದೊಡನೆ ಹೋಲಿಸಿ ಚುಚ್ಚುವುದೂ ಅದೇ ಜಾತಿಗೆ ಸೇರಿದ್ದು.

ಇದರ ಪರಿಣಾಮ ಮನಸ್ಸಿಗಷ್ಟೇ ಸೀಮಿತವಲ್ಲ. ಓಹಿಯೊ ವಿಶ್ವವಿದ್ಯಾಲಯವೊಂದರ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಕುತೂಹಲಕರವಾಗಿದೆ. 42 ದಂಪತಿಗಳ ತೋಳಿನ ಮೇಲೆ ಚಿಕ್ಕ ಗುಳ್ಳೆಗಾಯಗಳನ್ನು ಮಾಡಿ, ಒಮ್ಮೆ ಪರಸ್ಪರ ಸಾಂತ್ವನದ ಮಾತಾಡಿಸಿದರು. ಇನ್ನೊಮ್ಮೆ ಮನಸ್ತಾಪದ ವಿಷಯ ಎತ್ತಿಸಿದರು. ಮನಸ್ತಾಪದ ನಂತರ ಗಾಯ ಮಾಯಲು ಹೆಚ್ಚು ದಿನ ಬೇಕಾಯಿತು. ಹಗೆತನದಿಂದ ವರ್ತಿಸುವ ದಂಪತಿಗಳಲ್ಲಿ ಗಾಯ ಮಾಯುವ ವೇಗ ಉಳಿದವರ ಶೇಕಡಾ 60ರಷ್ಟು ಮಾತ್ರ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹೃದ್ರೋಗದಿಂದ ಆಸ್ಪತ್ರೆ ಸೇರಿದ್ದ ಮಹಿಳೆಯರನ್ನು ಹಲವು ವರ್ಷ ಗಮನಿಸಿದ ಅಧ್ಯಯನ 2000ದಲ್ಲಿ ಹೊರಬಂತು. ದಾಂಪತ್ಯದಲ್ಲಿ ತೀವ್ರ ಒತ್ತಡವಿದ್ದವರಲ್ಲಿ ಹೃದ್ರೋಗ ಮರುಕಳಿಸುವ ಅಪಾಯ ಸುಮಾರು ಮೂರು ಪಟ್ಟು ಇತ್ತು. ಉದ್ಯೋಗದ ಒತ್ತಡದಿಂದ ಅಪಾಯ ಅಷ್ಟು ಹೆಚ್ಚಿರಲಿಲ್ಲ.

ಕಾರಣ ಸುಲಭವಾಗಿ ಅರ್ಥವಾಗುವಂಥದ್ದು. ಸಿಟ್ಟು, ಅವಮಾನ ಒಳಗೇ ಕುದಿಯುತ್ತಿದ್ದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ರಕ್ತದೊತ್ತಡ, ಸಕ್ಕರೆ ಏರುತ್ತವೆ, ನಿದ್ದೆ ಕೆಡುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ ಬದಲಿಸಿದರೂ ಹತೋಟಿಗೆ ಬರುತ್ತಿಲ್ಲವೆಂದರೆ ಮನೆಯ ಹವೆಯನ್ನೂ ಒಮ್ಮೆ ನೋಡಿ.

ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತವೆ. ಹಲಗೆ ಗೋಡೆಯ ಆಚೆ ಮಲಗಿದ ಮಗುವಿಗೆ ಜಗಳದ ಅರ್ಥ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಶಾಲೆಗೆ ಹೊರಡುವಾಗ ಹೊಟ್ಟೆನೋವು, ಹಾಸಿಗೆಯಲ್ಲಿ ಮೂತ್ರ, ಓದಿನಲ್ಲಿ ಹಿಂದೆ ಬೀಳುವುದು ಇವೆಲ್ಲ ಅದರ ಕುರುಹಾಗಿರಬಹುದು. ಹಾಗೆಂದು ಮಕ್ಕಳೆದುರು ಭಿನ್ನಾಭಿಪ್ರಾಯವೇ ಬೇಡವೆಂದಲ್ಲ. ಜಗಳ ನೋಡಿದ ಮಗು ರಾಜಿಯಾದದ್ದನ್ನೂ ನೋಡಲಿ. ಅದರಿಂದ ಮಗುವಿನ ಅಂಜಿಕೆ ಇಳಿಯುತ್ತದೆಂದು ಮಕ್ಕಳ ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಇಬ್ಬರೇ ಉಳಿದಾಗ

ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿಯುತ್ತಾರೆ. ಮಲೆನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟು. ನಲವತ್ತು ವರ್ಷ ಅತ್ತೆ, ಮಕ್ಕಳು, ಆಳುಕಾಳುಗಳ ನಡುವೆ ಮುಚ್ಚಿಹೋಗಿದ್ದ ದೂರ ಆಗ ಕಾಣಿಸುತ್ತದೆ. ಜೋರು ಮಳೆ, ಕರೆಂಟಿಲ್ಲ, ಟಿ.ವಿ. ಇಲ್ಲ, ಎದುರಿಗೆ ಒಬ್ಬರಿಗೊಬ್ಬರು. ಯಾರಿಗೆ ಯಾವ ಗುಳಿಗೆ ಎಂದು ನೆನಪಿಡಬೇಕಾದವರೂ, ಎದೆನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯಬೇಕಾದವರೂ ಅವರೇ.

ದೈಹಿಕ ಸಂಬಂಧದ ಬಗ್ಗೆ ಸಂಕೋಚ ಬೇಡ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಕೆಲವು ಔಷಧಿಗಳಿಂದ ಗಂಡಸರಲ್ಲಿ ಆಸಕ್ತಿ ಅಥವಾ ಶಕ್ತಿ ಕುಗ್ಗಬಹುದು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮಿಲನ ನೋವಿನದಾಗಬಹುದು. ಎರಡಕ್ಕೂ ಚಿಕಿತ್ಸೆಯಿದೆ. ಕಾರಣ ತಿಳಿಯದೆ "ನನ್ನ ಮೇಲೆ ಮನಸ್ಸಿಲ್ಲ" ಎಂದು ಕೊರಗುವುದು ಅನಗತ್ಯ ದುಃಖ.

ಹಾಗಾದರೆ ಏನು ಮಾಡಬೇಕು? ದಿನಕ್ಕೆ ಅರ್ಧ ತಾಸು, ಊಟವಾದ ಮೇಲೆ ಜಗಲಿಯಲ್ಲಿ ಇಬ್ಬರೇ ಕುಳಿತುಕೊಳ್ಳಿ. ಮೊದಮೊದಲು ಮುಜುಗರವಾದೀತು, ಮಾತು ಸಿಗಲಿಕ್ಕಿಲ್ಲ, ಆದರೂ ಕುಳಿತಿರಿ. ಅಡಿಕೆಯ ಲೆಕ್ಕ, ಸಾಲದ ಲೆಕ್ಕ ಇಬ್ಬರಿಗೂ ಗೊತ್ತಿರಲಿ. ಸಾಧ್ಯವಾದರೆ ಜಂಟಿ ಖಾತೆ ತೆರೆಯಿರಿ. "ನೀನು ಯಾವಾಗಲೂ ಹೀಗೇ" ಎನ್ನುವ ಬದಲು "ನಿನ್ನೆ ನೆಂಟರೆದುರು ಹಾಗಂದದ್ದು ನನಗೆ ನೋವಾಯಿತು" ಎನ್ನಿ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ಗಂಡ ನೆಂಟನಂತೆ ಹೋಗಿ ಬರುವುದು ಸಾಲದು. ಮೊದಲ ಮಗುವಿನ ನಂತರ ದಾಂಪತ್ಯದ ತೃಪ್ತಿ ಇಳಿಯುವುದು ಬಹಳ ಕಡೆ ಕಂಡುಬಂದಿದೆ. ರಾತ್ರಿ ಮಗು ಅತ್ತಾಗ ಎತ್ತಿಕೊಂಡ ಗಂಡನನ್ನು ಯಾವ ಹೆಂಡತಿಯೂ ಮರೆಯಲಾರಳು.

ಹೊಡೆತ, ಬೈಗುಳ, ಕುಡಿತದ ಹಿಂಸೆಯಿದ್ದ ಮನೆಗೆ ಈ ಸಲಹೆಗಳು ಸಲ್ಲುವುದಿಲ್ಲ. ಅಲ್ಲಿ ಹೊಂದಾಣಿಕೆಯ ಮಾತು ಬೇಡ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಆಪ್ತ ಸಲಹೆ ಸಿಗುತ್ತದೆ, ಶುಲ್ಕವಿಲ್ಲ. ಗಂಡನೋ ಹೆಂಡತಿಯೋ ಜೊತೆಗೆ ಬರಲು ಒಪ್ಪದಿದ್ದರೆ ಒಬ್ಬರೇ ಕರೆ ಮಾಡಿದರೂ ಆದೀತು.