ರೈನ್ ದಂಡೆಯ ಮೂರು ಊರು

ಆಲ್ಪ್ಸ್ ಬೆಟ್ಟಗಳಲ್ಲಿ ಹುಟ್ಟಿ ಧುಮುಕುತ್ತ ಬರುವ ರೈನ್ ನದಿ ಜರ್ಮನಿಯ ನೈರುತ್ಯದ ಬಯಲು ಮುಟ್ಟುವ ಹೊತ್ತಿಗೆ ಆತುರ ಬಿಟ್ಟಿರುತ್ತದೆ. ಅಗಲವಾಗಿ, ಮಂದವಾಗಿ ಉತ್ತರಕ್ಕೆ ಹರಿಯುತ್ತದೆ. ಎಡದಂಡೆಯಲ್ಲಿ ಮೊದಲು ಸಿಗುವುದು ಸ್ಪೈಯರ್. ಕೆಂಪು ಮರಳುಗಲ್ಲಿನ ಅಲ್ಲಿನ ಮಹಾದೇವಾಲಯದ ನಾಲ್ಕು ಗೋಪುರಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ನಲವತ್ತು ಚಿಲ್ಲರೆ ಕಿಲೋಮೀಟರು ಕೆಳಗೆ ಹೋದರೆ ವರ್ಮ್ಸ್. ಅಲ್ಲಿಂದ ಮೈಂಟ್ಸ್ ನಗರ ದಾಟಿ, ದ್ರಾಕ್ಷಿತೋಟಗಳ ಇಳಿಜಾರಿನ ನಡುವೆ ನಾಹೆ ಎಂಬ ಉಪನದಿ ಬಂದು ಸೇರುವಲ್ಲಿ ಬಿಂಗೆನ್. ಮೇಲಿನ ಊರಿನಿಂದ ಕೆಳಗಿನ ಊರಿಗೆ ನೀರಿನ ದಾರಿ ಸುಮಾರು 130 ಕಿಲೋಮೀಟರು.

ಹೆಣ್ಣನ್ನು ಬಯಸಿದ ಹೆಣ್ಣನ್ನು, ಗಂಡನ್ನು ಬಯಸಿದ ಗಂಡನ್ನು ಮಧ್ಯಯುಗದ ಕ್ರೈಸ್ತ ಯುರೋಪು ಹೇಗೆ ನಡೆಸಿಕೊಂಡಿತು ಎಂಬುದರ ಬಹುಪಾಲು ಕಥೆ ಈ ಮೂರು ಊರುಗಳಲ್ಲೇ ಇದೆ. ಒಂದೂರಲ್ಲಿ ಒಂದು ಪ್ರಶ್ನೆ, ಒಂದೂರಲ್ಲಿ ಒಂದು ಪತ್ರ, ಒಂದೂರಲ್ಲಿ ಒಂದು ಸಾವು.

ವರ್ಮ್ಸ್: ಪ್ರಶ್ನೆ

ಕ್ರಿ.ಶ. 1000ದಿಂದ 1025ರವರೆಗೆ ವರ್ಮ್ಸ್‌ನ ಧರ್ಮಾಧ್ಯಕ್ಷನಾಗಿದ್ದವನು ಬುರ್ಕಾರ್ಡ್. ಕೋಟೆಗೋಡೆ ಎತ್ತಿಸಿದ, ದೇವಾಲಯ ಕಟ್ಟಿಸಿದ ಕರ್ತೃತ್ವಶಾಲಿ. ಧರ್ಮಸಭೆಯ ಕಟ್ಟಳೆಗಳನ್ನೆಲ್ಲ ಆತ 20 ಭಾಗಗಳ ದೊಡ್ಡ ಗ್ರಂಥವಾಗಿ ಹೊಂದಿಸಿದ. ಅದರ 19ನೆಯ ಭಾಗಕ್ಕೆ ‘ತಿದ್ದುವವನು ಅಥವಾ ವೈದ್ಯ’ ಎಂಬ ಹೆಸರು. ಪಾಪನಿವೇದನೆಗೆ ಬಂದವರನ್ನು ಪಾದ್ರಿ ಏನೇನು ಕೇಳಬೇಕು, ಯಾವ ತಪ್ಪಿಗೆ ಎಷ್ಟು ಪ್ರಾಯಶ್ಚಿತ್ತ ಕೊಡಬೇಕು ಎಂದು ಹೇಳಿಕೊಡುವ ಕೈಪಿಡಿ ಅದು.

ಆ ಕಾಲದ ಒಂದು ದಿನ ಊಹಿಸಿ. ಕ್ರೈಸ್ತರ ಉಪವಾಸದ ತಪಸ್ಸುಕಾಲ ಇನ್ನೇನು ಶುರುವಾಗಬೇಕು. ಚಳಿ ಬಿಟ್ಟಿಲ್ಲ. ಪಾಪನಿವೇದನೆಯ ಮರದ ಗೂಡು, ಜಾಲರಿ ಇವೆಲ್ಲ ಬಂದದ್ದು 16ನೆಯ ಶತಮಾನದಲ್ಲಿ. ಈಗಿನ್ನೂ ಪಾದ್ರಿ ದೇವಾಲಯದೊಳಗೆ ಎಲ್ಲರಿಗೂ ಕಾಣುವಂತೆ ಕೂತಿದ್ದಾನೆ. ಹಳ್ಳಿಯ ಹೆಂಗಸೊಬ್ಬಳು ಅವನೆದುರು ಮೊಣಕಾಲೂರಿದ್ದಾಳೆ. ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಮಾಟ ಮಂತ್ರ ಮಾಡಿದ್ದೀಯಾ? ಗಂಡನ ಪ್ರೀತಿ ಹೆಚ್ಚಲಿ ಎಂದು ಊಟದಲ್ಲಿ ಮದ್ದು ಹಾಕಿದ್ದೀಯಾ? ಅದೇ ಸಾಲಿನಲ್ಲಿ, ಅದೇ ದನಿಯಲ್ಲಿ ಇನ್ನೊಂದು: ಕೆಲವು ಹೆಂಗಸರು ಗಂಡಸಿನ ಅಂಗದಂಥ ಸಾಧನ ಮಾಡಿಕೊಂಡು ಇನ್ನೊಬ್ಬ ಹೆಂಗಸನ್ನು ಕೂಡುತ್ತಾರಲ್ಲ, ಹಾಗೆ ನೀನೂ ಮಾಡಿದ್ದೀಯಾ?

ಹೌದು ಎಂದರೆ ಐದು ವರ್ಷದ ಪ್ರಾಯಶ್ಚಿತ್ತ, ಗೊತ್ತುಮಾಡಿದ ದಿನಗಳಂದು ಉಪವಾಸ. ಸಾಧನವಿಲ್ಲದೆ ಮೈಗೆ ಮೈ ಸೇರಿದ್ದರೆ ನಲವತ್ತು ದಿನದ ಮೂರು ವ್ರತ.

ಈ ಲೆಕ್ಕ ಬುರ್ಕಾರ್ಡ್ ಹುಟ್ಟುಹಾಕಿದ್ದಲ್ಲ. ಅವನಿಗಿಂತ ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಮಹಾಧರ್ಮಾಧ್ಯಕ್ಷನಾಗಿದ್ದ ಥಿಯೋಡೋರನ ಹೆಸರಿನ ಪ್ರಾಯಶ್ಚಿತ್ತದ ಪುಸ್ತಕದಲ್ಲಿ ಹೆಣ್ಣು ಹೆಣ್ಣನ್ನು ಕೂಡಿದರೆ ಮೂರು ವರ್ಷ ಎಂದಿದೆ. ಗಂಡಸರಿಗೆ ಅದಕ್ಕಿಂತ ಹೆಚ್ಚು, ಹತ್ತು ಹದಿನೈದು ವರ್ಷ. ಹೆಣ್ಣಿಗೆ ಕಡಿಮೆಯಾದದ್ದು ಕನಿಕರದಿಂದಲ್ಲ. ಗಂಡಸಿಲ್ಲದ ಕಡೆ ನಡೆದದ್ದು ಅಷ್ಟು ದೊಡ್ಡ ಸಂಗತಿಯಾಗಿ ಆ ಬರಹಗಾರರಿಗೆ ಕಾಣಲಿಲ್ಲ. ಸಾಧನದ ಮಾತು ಬಂದೊಡನೆ ಶಿಕ್ಷೆ ಏರಿದ್ದೂ ಅದಕ್ಕೇ. ಹೆಣ್ಣು ಗಂಡಿನ ಜಾಗಕ್ಕೆ ಕೈಹಾಕಿದ್ದು ಅವರಿಗೆ ಸಹಿಸಲಾಗದ ಸಂಗತಿ.

ಇದನ್ನು ಔದಾರ್ಯ ಎನ್ನಲಾಗದು. ಹೊಲದಲ್ಲಿ ದುಡಿದು, ಮಕ್ಕಳನ್ನು ಹೆತ್ತು, ಅರೆಹೊಟ್ಟೆಯಲ್ಲಿ ಬದುಕುವವಳಿಗೆ ಐದು ವರ್ಷದ ಉಪವಾಸ ಸಣ್ಣ ಹೊರೆಯಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಅವಳು ಮಾಡಿದ ಕೆಲಸ ಪಾಪವೇ ಹೊರತು ಅವಳೇ ಬೇರೊಂದು ಜಾತಿಯ ಪ್ರಾಣಿಯಲ್ಲ. ಮದ್ದು ಹಾಕಿದವಳ ಸಾಲಿನಲ್ಲೇ ಅವಳೂ ನಿಂತಿದ್ದಾಳೆ. ಅವಧಿ ಮುಗಿದ ಮೇಲೆ ಊರಿನ ಎಲ್ಲರ ಜೊತೆ ಅವಳಿಗೂ ಪರಮಪ್ರಸಾದ ಸಿಗುತ್ತದೆ.

ಮಠಗಳೊಳಗಿನ ಕಟ್ಟಳೆ ಇನ್ನೂ ಸೂಕ್ಷ್ಮ. ಸಂತ ಬೆನೆಡಿಕ್ಟನ ನಿಯಮದಂತೆ ಸನ್ಯಾಸಿಗಳು ಬೇರೆಬೇರೆ ಹಾಸಿಗೆಯಲ್ಲಿ ಮಲಗಬೇಕು, ಬೆಳಗಾಗುವವರೆಗೆ ಕೋಣೆಯಲ್ಲಿ ದೀಪ ಉರಿಯಬೇಕು, ಎಳೆಯರ ನಡುನಡುವೆ ಹಿರಿಯರು ಮಲಗಬೇಕು. 7ನೆಯ ಶತಮಾನದಲ್ಲಿ ಬೆಸಾಂಸೋನ್‌ನ ಡೊನಾಟಸ್ ಸನ್ಯಾಸಿನಿಯರಿಗಾಗಿ ಬರೆದ ನಿಯಮದಲ್ಲಿ, ಸುಖಕ್ಕಾಗಿ ಒಬ್ಬರ ಕೈ ಒಬ್ಬರು ಹಿಡಿಯಬಾರದು, ಮುದ್ದಿನಿಂದ ಒಬ್ಬರನ್ನೊಬ್ಬರು ‘ಪುಟ್ಟಿ’ ಎಂದು ಕರೆಯಬಾರದು ಎಂದಿದೆ. 1212ರಲ್ಲಿ ಪ್ಯಾರಿಸ್, 1214ರಲ್ಲಿ ರುಆಂ ಧರ್ಮಸಮ್ಮೇಳನಗಳು ಸನ್ಯಾಸಿನಿಯರು ಒಟ್ಟಿಗೆ ಮಲಗಕೂಡದು, ರಾತ್ರಿಯಿಡೀ ದೀಪವಿರಬೇಕು ಎಂದು ಮತ್ತೆ ಹೇಳಿದವು. ಕೈ ಹಿಡಿಯುವವರು, ಮುದ್ದಿನಿಂದ ಕರೆಯುವವರು ಇದ್ದುದರಿಂದಲೇ ಇಷ್ಟು ಕಟ್ಟಳೆ ಬೇಕಾಯಿತು.

ಬಿಂಗೆನ್: ಪತ್ರ

ನಾಹೆ ರೈನನ್ನು ಸೇರುವಲ್ಲಿ ರೂಪರ್ಟ್ಸ್‌ಬರ್ಗ್ ಎಂಬ ಸಣ್ಣ ಗುಡ್ಡವಿತ್ತು. 1150ರ ಸುಮಾರಿಗೆ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ ತನ್ನ ಕೈಕೆಳಗಿನ ಸನ್ಯಾಸಿನಿಯರನ್ನು ಕರೆದುಕೊಂಡು ಅಲ್ಲಿಗೆ ಬಂದು ಹೊಸ ಮಠ ಕಟ್ಟತೊಡಗಿದಳು. 1098ರಲ್ಲಿ ಹುಟ್ಟಿದವಳು, ಐವತ್ತು ದಾಟಿದ್ದಳು. ದರ್ಶನಗಳನ್ನು ಕಾಣುವವಳು, ಹಾಡು ಕಟ್ಟುವವಳು, ಗಿಡಮೂಲಿಕೆ ಬಲ್ಲವಳು, ದೊರೆಗಳಿಗೆ ಅಂಜದೆ ಪತ್ರ ಬರೆಯುವವಳು. ಅರೆಬರೆ ಎದ್ದ ಗೋಡೆಗಳ ನಡುವೆ ಅವಳು ‘ಸ್ಕಿವಿಯಾಸ್’ ಎಂಬ ದರ್ಶನಗ್ರಂಥವನ್ನು ಮುಗಿಸುತ್ತಿದ್ದಳು. ಹತ್ತು ವರ್ಷದ ಆ ದುಡಿಮೆಯಲ್ಲಿ ಅವಳ ಜೊತೆಗಿದ್ದವಳು ರಿಕಾರ್ಡಿಸ್. ಸ್ಟಾಡೆಯ ಸಿರಿವಂತ ಮನೆತನದ ಹುಡುಗಿ, ಬುದ್ಧಿವಂತೆ, ಹಿಲ್ಡೆಗಾರ್ಡ್‌ಳ ಜೀವದ ಜೀವ.

1151ರಲ್ಲಿ ದೂರದ ಉತ್ತರದ ಬಾಸುಮ್ ಮಠದವರು ರಿಕಾರ್ಡಿಸ್‌ಳನ್ನು ತಮ್ಮ ಮಠಾಧ್ಯಕ್ಷೆಯಾಗಿ ಆರಿಸಿದರು. ಅವಳಣ್ಣ ಹಾರ್ಟ್‌ವಿಗ್ ಬ್ರೆಮೆನ್‌ನ ಮಹಾಧರ್ಮಾಧ್ಯಕ್ಷ. ಮನೆತನಕ್ಕೆ ಇದು ಗೌರವದ ಮಾತು. ಹಿಲ್ಡೆಗಾರ್ಡ್ ಒಪ್ಪಲಿಲ್ಲ. ರಿಕಾರ್ಡಿಸ್‌ಳ ತಾಯಿಗೆ ಬರೆದಳು, ಅಣ್ಣನಿಗೆ ಬರೆದಳು, ಕಳುಹಿಸಿಕೊಡು ಎಂದು ಆಜ್ಞೆ ಮಾಡಿದ ಮೈಂಟ್ಸ್‌ನ ಮಹಾಧರ್ಮಾಧ್ಯಕ್ಷನಿಗೆ ಸಿಡಿದು ಉತ್ತರ ಕೊಟ್ಟಳು, ಕೊನೆಗೆ ಪೋಪ್ 3ನೆಯ ಯುಜೀನಿಯಸ್‌ನ ಬಾಗಿಲನ್ನೂ ತಟ್ಟಿದಳು. ಯಾವುದೂ ಫಲಿಸಲಿಲ್ಲ. ರಿಕಾರ್ಡಿಸ್ ಹೊರಟುಹೋದಳು.

ಆಗ ಹಿಲ್ಡೆಗಾರ್ಡ್ ಅವಳಿಗೇ ಬರೆದ ಪತ್ರ ಇವತ್ತಿಗೂ ಉಳಿದಿದೆ. ಮಠಾಧ್ಯಕ್ಷೆಯ ಗತ್ತು ಅದರಲ್ಲಿಲ್ಲ. ಮನುಷ್ಯರ ಮೇಲೆ ಇಷ್ಟು ಭಾರ ಹಾಕಬಾರದಿತ್ತು ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಅನಾಥಳಂತೆ ನನ್ನನ್ನು ಏಕೆ ಬಿಟ್ಟುಹೋದೆ ಎಂದು ಕೇಳುತ್ತಾಳೆ. ನಿನ್ನ ನಡತೆ, ಜಾಣತನ, ಪರಿಶುದ್ಧಿ ಎಲ್ಲವನ್ನೂ ಪ್ರೀತಿಸಿದೆ, ನಾನು ಹಾಗೆ ಪ್ರೀತಿಸುವುದನ್ನು ಕಂಡು ಜನ ಬೆರಗಾದರು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. 1152ರ ಅಕ್ಟೋಬರ್ 29ರಂದು ರಿಕಾರ್ಡಿಸ್ ತೀರಿಕೊಂಡಳು. ನಿನ್ನ ಮಠಕ್ಕಾಗಿ ಅವಳು ಕಣ್ಣೀರಿಟ್ಟಳು, ಸಾವು ಅಡ್ಡ ಬರದಿದ್ದರೆ ನಿನ್ನಲ್ಲಿಗೆ ಬರುತ್ತಿದ್ದಳು ಎಂದು ಅಣ್ಣ ಹಿಲ್ಡೆಗಾರ್ಡ್‌ಳಿಗೆ ಬರೆದ.

ಇದು ಕಾಮವೇ, ತಾಯ್ತನವೇ, ಗುರುಶಿಷ್ಯೆಯರ ನಂಟೇ ಎಂದು ನಾವು ಪಟ್ಟಿ ಅಂಟಿಸಬೇಕಾಗಿಲ್ಲ. ಒಬ್ಬ ಹೆಂಗಸು ಇನ್ನೊಬ್ಬಳಿಲ್ಲದೆ ಬದುಕುವುದು ಕಷ್ಟ ಎಂದು ಲೋಕದೆದುರು ಹೇಳಿಕೊಂಡಳು. ಅವಳ ಮಠದವರು ಆ ಪತ್ರವನ್ನು ನಾಚದೆ ಕಾಪಾಡಿದರು. ಅದೇ ಹಿಲ್ಡೆಗಾರ್ಡ್ ಆ ದಿನಗಳಲ್ಲೇ ಮುಗಿಸಿದ ‘ಸ್ಕಿವಿಯಾಸ್’ನಲ್ಲಿ, ಗಂಡಸಿನ ಪಾತ್ರ ವಹಿಸಿ ಹೆಣ್ಣನ್ನು ಕೂಡುವ ಹೆಣ್ಣನ್ನು ಕಟುವಾಗಿ ಖಂಡಿಸಿದ್ದಾಳೆ. ಎರಡೂ ಅವಳವೇ ಮಾತು. ಮೈಯ ಕೂಟಕ್ಕೆ ಬೇಲಿ ಬಿಗಿಯಾಗಿತ್ತು. ಮನಸ್ಸಿನ ಪ್ರೀತಿಗೆ ಆ ಕಾಲ ನಮ್ಮ ಕಾಲಕ್ಕಿಂತ ಹೆಚ್ಚು ಜಾಗ ಬಿಟ್ಟಿತ್ತು.

ಬೇಲಿ ದಾಟಿದ ಮಾತುಗಳೂ ಉಳಿದಿವೆ. ರೈನ್ ಬಿಟ್ಟು ಪೂರ್ವಕ್ಕೆ, ಬವೇರಿಯಾದ ಸರೋವರವೊಂದರ ದಡದಲ್ಲಿದ್ದ ಟೆಗೆರ್ನ್‌ಸೇ ಮಠದ 12ನೆಯ ಶತಮಾನದ ಹಸ್ತಪ್ರತಿಯಲ್ಲಿ ಹೆಣ್ಣು ಹೆಣ್ಣಿಗೆ ಲ್ಯಾಟಿನ್‌ನಲ್ಲಿ ಬರೆದ ಪ್ರೇಮಪತ್ರಗಳಿವೆ. ಹೆಸರಿಗೆ ಬದಲು ಒಂದೊಂದೇ ಅಕ್ಷರ. ಅಗಲಿದವಳು ಕೊಟ್ಟ ಮುತ್ತುಗಳನ್ನು, ಮೆಲುಮಾತಾಡುತ್ತ ಎದೆ ನೇವರಿಸಿದ್ದನ್ನು ನೆನೆದು, ನಿನ್ನನ್ನು ಕಾಣದ ಬಾಳಿಗಿಂತ ಸಾವೇ ಮೇಲು ಎನ್ನುತ್ತಾಳೆ ಒಬ್ಬಳು. ಆ ಸಾಲುಗಳನ್ನು ಯಾವುದೋ ಮಠದ ಲಿಪಿಕಾರ ಹದಮಾಡಿದ ತೊಗಲಿನ ಮೇಲೆ ಪ್ರತಿ ಮಾಡಿದ. ಅಳಿಸಲಿಲ್ಲ, ಹರಿದುಹಾಕಲಿಲ್ಲ. ಇಂದು ಅದು ಮ್ಯೂನಿಕ್‌ನ ಗ್ರಂಥಾಲಯದಲ್ಲಿದೆ.

ಗಂಡಸರ ನಡುವೆಯೂ ಇಂಥ ದನಿಗಳಿದ್ದವು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ರೀವೋ ಮಠಕ್ಕೆ 1147ರಲ್ಲಿ ಅಧ್ಯಕ್ಷನಾದ ಈಲ್ರೆಡ್, ಗೆಳೆತನವೇ ದೇವರ ಕಡೆಗೆ ಹೋಗುವ ದಾರಿ ಎಂದು ಪುಸ್ತಕ ಬರೆದ. ಸನ್ಯಾಸಿಗಳು ಕೈ ಕೈ ಹಿಡಿದು ಕೂತರೆ ಅವನು ಬೇರೆ ಮಠಾಧ್ಯಕ್ಷರ ಹಾಗೆ ಗದರಿಸುತ್ತಿರಲಿಲ್ಲ ಎಂದು ಅವನ ಚರಿತ್ರೆ ಬರೆದ ಶಿಷ್ಯ ದಾಖಲಿಸಿದ್ದಾನೆ.

ಸ್ಪೈಯರ್: ಸಾವು

ಅಷ್ಟರಲ್ಲಾಗಲೇ ಗಾಳಿ ಬದಲಾಗುತ್ತಿತ್ತು. 1049ರ ಸುಮಾರಿಗೆ ಇಟಲಿಯ ಪೀಟರ್ ಡೇಮಿಯನ್ ಪಾದ್ರಿಗಳ ಸಲಿಂಗಕಾಮವನ್ನು ಖಂಡಿಸಿ ಇಡೀ ಒಂದು ಗ್ರಂಥ ಬರೆದು ಪೋಪ್ 9ನೆಯ ಲಿಯೋಗೆ ಅರ್ಪಿಸಿದ. ತಪ್ಪು ಮಾಡಿದವರನ್ನೆಲ್ಲ ಪದವಿಯಿಂದ ಕಿತ್ತುಹಾಕಿ ಎಂದ. ಪೋಪ್ ಅವನನ್ನು ಹೊಗಳಿದನಾದರೂ ಶಿಕ್ಷೆಯನ್ನು ಮೆದುಗೊಳಿಸಿದ. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಇನ್ನೂ ಬಿಗಿಯಾಯಿತು: ಪಾದ್ರಿಯಾದರೆ ಪದಚ್ಯುತಿ ಇಲ್ಲವೇ ಮಠದಲ್ಲಿ ಬಂಧನ, ಜನಸಾಮಾನ್ಯನಾದರೆ ಬಹಿಷ್ಕಾರ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಗಂಡು ಗಂಡಿನ, ಹೆಣ್ಣು ಹೆಣ್ಣಿನ ಕೂಟವನ್ನು ಪ್ರಕೃತಿಗೆ ವಿರುದ್ಧವಾದ ಪಾಪಗಳ ವರ್ಗದಲ್ಲಿಟ್ಟು ಅದಕ್ಕೆ ತರ್ಕದ ಚೌಕಟ್ಟು ಕಟ್ಟಿದ.

ಆಮೇಲೆ ಪಾಪವು ಪಾದ್ರಿಯ ಕೈತಪ್ಪಿ ರಾಜನ, ನಗರಸಭೆಯ ಕೈಗೆ ಹೋಯಿತು. 1260ರ ಸುಮಾರಿನ ಫ್ರಾನ್ಸಿನ ಓರ್ಲಿಯಾನ್‌ನ ಕಾನೂನು ಸಂಹಿತೆ ಮೊದಲೆರಡು ಸಲಕ್ಕೆ ಅಂಗಛೇದ, ಮೂರನೆಯ ಸಲಕ್ಕೆ ಸುಡುವುದು ಎಂದು ಬರೆದು, ಹೆಂಗಸರಿಗೂ ಇದೇ ಅನ್ವಯ ಎಂದಿತು. ಫ್ಲಾರೆನ್ಸ್ ನಗರ 1432ರಲ್ಲಿ ಗಂಡಸರ ಸಲಿಂಗಕಾಮ ಪತ್ತೆಹಚ್ಚಲೆಂದೇ ‘ರಾತ್ರಿಯ ಅಧಿಕಾರಿಗಳು’ ಎಂಬ ಕಚೇರಿ ತೆರೆಯಿತು. 70 ವರ್ಷಗಳಲ್ಲಿ ಸುಮಾರು 17,000 ಗಂಡಸರ ಹೆಸರು ಅಲ್ಲಿ ಬಂದಿತೆಂದು ಇತಿಹಾಸಕಾರರ ಅಂದಾಜು.

ಇನ್ನು 1477ರ ಸ್ಪೈಯರ್. ನಗರಸಭೆಯ ವಿಚಾರಣೆ ನಡೆದಿದೆ. ಆರೋಪಿ ಕತಾರೀನಾ ಹೆಟ್ಸೆಲ್ಡೋರ್ಫರ್. ಗಂಡಸಿನಂತೆ ಉಡುಪು ತೊಟ್ಟು ಊರಲ್ಲಿ ಬದುಕಿದವಳು. ಜೊತೆಗಿದ್ದ ಹೆಂಗಸನ್ನು ತಂಗಿ ಎಂದು ಹೇಳಿಕೊಂಡಿದ್ದವಳು. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಹೇಳುತ್ತಾರೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಕೆಂಪು ತೊಗಲಿಗೆ ಹತ್ತಿ ತುಂಬಿ, ಕೋಲು ಸಿಕ್ಕಿಸಿ ಮಾಡಿದ ಸಾಧನದ ವಿವರವೂ ಆ ಕಾಗದದಲ್ಲಿದೆ. ತೀರ್ಪು: ರೈನ್ ನದಿಯಲ್ಲಿ ಮುಳುಗಿಸುವುದು. ಹಾಗೆಯೇ ಆಯಿತು.

ವರ್ಮ್ಸ್‌ನ ಪಾದ್ರಿ ಮೊಣಕಾಲೂರಿದ ಹೆಂಗಸನ್ನು ಕೇಳಿದ್ದೂ ಇಂಥದೇ ಸಾಧನದ ಬಗ್ಗೆ. ಎರಡೂ ಊರು ಒಂದೇ ದಂಡೆಯವು, ಒಂದೇ ದೇವರನ್ನು ಒಂದೇ ಭಾಷೆಯಲ್ಲಿ ಪ್ರಾರ್ಥಿಸಿದವು, ಒಂದೇ ಬೈಬಲ್ ಓದಿದವು. ಅಲ್ಲಿ ಐದು ವರ್ಷದ ಪ್ರಾಯಶ್ಚಿತ್ತಕ್ಕೆ ಮುಗಿದ ವಿಷಯ ನಾನೂರೈವತ್ತು ಚಿಲ್ಲರೆ ವರ್ಷಗಳ ಬಳಿಕ ಇಲ್ಲಿ ಪ್ರಾಣ ತೆಗೆಯಿತು. ಬದಲಾದದ್ದು ಧರ್ಮಗ್ರಂಥವಲ್ಲ, ಅದನ್ನು ಓದಿದವರ ಭಯ, ಅಧಿಕಾರ, ನಗರಗಳ ಮರ್ಯಾದೆಯ ಹಂಬಲ.

ಆ ಕಾಲದಲ್ಲೂ ಎಲ್ಲ ಬಾಗಿಲು ಮುಚ್ಚಿರಲಿಲ್ಲ. 1405ರಲ್ಲಿ ಫ್ರಾನ್ಸಿನ ಲೋರಾನ್ಸ್ ಎಂಬ ಎಳೆಪ್ರಾಯದ ವಿವಾಹಿತೆ ಇನ್ನೊಬ್ಬ ವಿವಾಹಿತೆಯನ್ನು ಕೂಡಿದ ಆರೋಪದ ಮೇಲೆ ಸೆರೆಮನೆಯಲ್ಲಿದ್ದು, ದೊರೆ 6ನೆಯ ಚಾರ್ಲ್ಸ್‌ನಿಂದ ಕ್ಷಮಾಪತ್ರ ಪಡೆದಳು. ಇಂಗ್ಲೆಂಡಿನ ಎಚ್ಚಿಂಗ್‌ಹ್ಯಾಮ್ ಚರ್ಚಿನ ನೆಲದಲ್ಲಿ ಹಿತ್ತಾಳೆಯ ಫಲಕವೊಂದಿದೆ. 1452ರಲ್ಲಿ ಸತ್ತ ಎಲಿಜಬೆತ್ ಎಚ್ಚಿಂಗ್‌ಹ್ಯಾಮ್, 1480ರಲ್ಲಿ ಸತ್ತ ಆಗ್ನೆಸ್ ಆಕ್ಸೆನ್‌ಬ್ರಿಡ್ಜ್ ಅದರಲ್ಲಿ ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಅವರ ನಂಟಿಗೆ ಆ ಫಲಕ ಹೆಸರಿಟ್ಟಿಲ್ಲ. ಆದರೆ 28 ವರ್ಷ ಮೊದಲು ಹೋದವಳ ಜೊತೆ ಒಂದೇ ಫಲಕದಲ್ಲಿ ಆಗ್ನೆಸ್ ನಿಲ್ಲಲು ಎರಡು ಮನೆತನಗಳೂ ಚರ್ಚೂ ಒಪ್ಪಿದವು.

ಆ ನದಿಯಿಂದ ನಮ್ಮ ನೆಲಕ್ಕೆ

ಈ ಕಥೆ ಯುರೋಪಿನಲ್ಲೇ ನಿಲ್ಲಲಿಲ್ಲ. 1533ರಲ್ಲಿ ಇಂಗ್ಲೆಂಡಿನ ದೊರೆ 8ನೆಯ ಹೆನ್ರಿ, ಅದುವರೆಗೆ ಧರ್ಮಸಭೆಯ ನ್ಯಾಯಾಲಯಗಳ ಪಾಲಿಗಿದ್ದ ಈ ಪಾಪವನ್ನು ರಾಜ್ಯದ ಕಾನೂನಿನಲ್ಲಿ ಮರಣದಂಡನೆಯ ಅಪರಾಧ ಮಾಡಿದ. ಅಕ್ವಿನಾಸ್ ತರ್ಕಬದ್ಧಗೊಳಿಸಿದ ‘ಪ್ರಕೃತಿಗೆ ವಿರುದ್ಧ’ ಎಂಬ ವಿಚಾರವೇ ಬ್ರಿಟಿಷರ ಜೊತೆ ಹಡಗು ಹತ್ತಿ ಬಂದು, 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನಲ್ಲಿ ಕೂತಿತು. ಜೀವಾವಧಿಯವರೆಗೂ ಶಿಕ್ಷೆ. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2018ರ ಸೆಪ್ಟೆಂಬರ್ 6ರಂದು.

ಸಲಿಂಗಪ್ರೇಮವನ್ನು ಧರ್ಮ ಎಂದೆಂದಿಗೂ ಒಂದೇ ಕಣ್ಣಿನಿಂದ ಕಂಡಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದೇ ಧರ್ಮದ ಒಂದೇ ನದಿಯ ದಂಡೆಯಲ್ಲಿ ಉಪವಾಸವೂ ಇತ್ತು, ಪತ್ರವೂ ಇತ್ತು, ಕೊಲೆಯೂ ಇತ್ತು. ಯಾವುದನ್ನು ಮುಂದಕ್ಕೆ ಒಯ್ಯಬೇಕೆಂದು ಪ್ರತಿ ಕಾಲದ ಮನುಷ್ಯರು ಆರಿಸಿಕೊಂಡರು. ಈಗ ಆರಿಸುವ ಸರದಿ ನಮ್ಮದು. ನಾಳೆ ನಿಮ್ಮ ಮನೆಯ ಮಗಳು ನಾನು ಒಬ್ಬ ಹೆಣ್ಣನ್ನು ಪ್ರೀತಿಸುತ್ತೇನೆ ಎಂದು ನಡುಗುವ ದನಿಯಲ್ಲಿ ಹೇಳಿದರೆ, ಅವಳ ಮಾತನ್ನು ಪೂರ್ತಿ ಕೇಳಿ, ಅವಳನ್ನು ಮನೆಯಲ್ಲೇ ಇರಿಸಿಕೊಳ್ಳಿ.