ಜಾಝ್ ಪ್ರಿಯರು ಬಿಡದ ಐದು ರಚನೆಗಳು

ಜಾಝ್ ಸಂಗೀತದ ಅಭಿಮಾನಿಗಳು ಇಂದು ಯಾವ ಧ್ವನಿಮುದ್ರಿಕೆ ಕೇಳುತ್ತಿದ್ದಾರೆ ಎಂದು ವಿಚಾರಿಸಿದರೆ ಹೊಸ ಹೆಸರುಗಳ ನಡುವೆ ಹಳೆಯ ಹೆಸರೊಂದು ತಪ್ಪದೆ ಬರುತ್ತದೆ. ಅದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಹೊರಬಂದದ್ದು 1959ರ ಆಗಸ್ಟ್ 17ರಂದು. ಇರುವುದು ಐದೇ ರಚನೆ, ಸುಮಾರು 45 ನಿಮಿಷ. ಹಾಡುಗಾರಿಕೆ ಇಲ್ಲವೇ ಇಲ್ಲ. ಆದರೂ 2019ರ ವೇಳೆಗೆ ಅಮೆರಿಕ ಒಂದರಲ್ಲೇ ಇದರ ಮಾರಾಟ 50 ಲಕ್ಷ ಮುಟ್ಟಿತ್ತು. ಆರು ದಶಕ ದಾಟಿಯೂ ಇದು ಹಳತಾಗದಿರಲು ಕಾರಣವೇನು?

ಜಾಝ್‌ನ ಜೀವಾಳ, ನಮ್ಮ ಸಂಗೀತಗಾರರು ಮನೋಧರ್ಮ ಎನ್ನುವ ಗುಣ. ಮೂಲ ಧಾಟಿಯನ್ನು ಒಮ್ಮೆ ನುಡಿಸಿದ ಮೇಲೆ ಒಬ್ಬೊಬ್ಬ ವಾದಕನೂ ತನ್ನ ಸರದಿಯಲ್ಲಿ ಅದನ್ನು ಬೆಳೆಸುತ್ತಾನೆ. ಆದರೆ ಈ ಸ್ವಾತಂತ್ರ್ಯಕ್ಕೊಂದು ಕಟ್ಟುಪಾಡಿತ್ತು. ಪಿಯಾನೊದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಒತ್ತಿದಾಗ ಹುಟ್ಟುವ ಸ್ವರಗುಚ್ಛಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು. ವಾದಕ ಅವುಗಳ ಬೆನ್ನು ಹತ್ತಿ ಓಡಬೇಕಿತ್ತು. 1940ರ ದಶಕದಲ್ಲಿ ಬೆಳೆದ ಬಿಬಾಪ್ ಶೈಲಿಯಲ್ಲಂತೂ ಈ ಓಟವೇ ಜಾಣ್ಮೆಯ ಅಳತೆಗೋಲಾಯಿತು.

ಡೇವಿಸ್ ಓಟವನ್ನು ನಿಲ್ಲಿಸಿದರು. ಗುಚ್ಛಗಳ ಸಾಲಿನ ಬದಲು ಒಂದು ಸ್ವರಶ್ರೇಣಿಯನ್ನು ಕೊಟ್ಟು, ಅದರೊಳಗೆ ನಿಧಾನವಾಗಿ ವಿಹರಿಸಲು ಬಿಟ್ಟರು. ಮೊದಲ ರಚನೆ ‘ಸೋ ವಾಟ್’ ಇದಕ್ಕೆ ಉತ್ತಮ ನಿದರ್ಶನ. ಇದರ ಆಧಾರ ‘ಡೋರಿಯನ್’ ಎಂಬ ಶ್ರೇಣಿ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಖರಹರಪ್ರಿಯ ಮೇಳದ ಸ್ವರಗಳು; ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಹಾಗೆಂದು ಇದು ರಾಗವಲ್ಲ. ಇಲ್ಲಿ ಗಮಕದ ನಿಯಮವಿಲ್ಲ. ಮೇಲಾಗಿ ನಡುವೆ ಇಡೀ ಶ್ರೇಣಿಯೇ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ. ಆಧಾರಷಡ್ಜ ಕದಲದ ನಮ್ಮ ಕಛೇರಿಯಲ್ಲಿ ಇಂಥದ್ದು ನಡೆಯದು.

ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ. ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ. ಡೇವಿಸ್ ತಂದದ್ದು ಬರಿಯ ರೂಪುರೇಷೆ ಎಂದು ಪಿಯಾನೊ ವಾದಕ ಬಿಲ್ ಇವಾನ್ಸ್ ಮುದ್ರಿಕೆಯ ಹೊದಿಕೆಯ ಮೇಲೆ ಬರೆದಿದ್ದಾರೆ. ಬರೆದದ್ದು ಕಡಿಮೆಯಾದಷ್ಟೂ ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳುವ ಹೊಣೆ ಹೆಚ್ಚು. ಡೇವಿಸ್ ಎರಡು ಸ್ವರ ನುಡಿಸಿ ಮೌನ ಬಿಡುತ್ತಾರೆ. ಟೆನರ್ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಆ ಮೌನವನ್ನು ಹುಡುಕಾಟದಿಂದ ತುಂಬಿದರೆ, ಆಲ್ಟೊ ಸ್ಯಾಕ್ಸೋಫೋನಿನ ಕ್ಯಾನನ್‌ಬಾಲ್ ಆಡರ್ಲಿ ಲವಲವಿಕೆಯಿಂದ ತುಂಬುತ್ತಾರೆ. ಸ್ವರಗಳು ಅವೇ, ಮನುಷ್ಯರು ಬೇರೆ.

ಇನ್ನೊಂದು ಸ್ವಾರಸ್ಯವಿದೆ. ಮಾರ್ಚ್ 2ರಂದು ಮುದ್ರಣ ಯಂತ್ರ ತುಸು ನಿಧಾನವಾಗಿ ಓಡಿತ್ತು. ಆದ್ದರಿಂದ ಮೊದಲ ಮಗ್ಗುಲಿನ ಮೂರು ರಚನೆಗಳು ತುಸು ವೇಗವಾಗಿ, ಶ್ರುತಿ ಏರಿಯೇ ಕೇಳಿಸುತ್ತಿದ್ದವು. 1992ರ ಆವೃತ್ತಿಯಲ್ಲಿ ಅದು ಸರಿಯಾಯಿತು. ಮೂರು ದಶಕ ಜನ ಮೆಚ್ಚಿದ್ದು ಏರಿದ ಶ್ರುತಿಯನ್ನೇ!

ಇಷ್ಟು ಶಾಂತವಾದ ಸಂಗೀತ ಹುಟ್ಟಿದ ಕಾಲ ಶಾಂತವಾಗಿರಲಿಲ್ಲ. ಮುದ್ರಿಕೆ ಹೊರಬಂದ ಎಂಟನೆಯ ದಿನ, ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಡೇವಿಸ್ ಅವರ ಕಾರ್ಯಕ್ರಮವಿತ್ತು. ಬಿಡುವಿನಲ್ಲಿ ಹೊರಗೆ ನಿಂತಿದ್ದ ಅವರನ್ನು ಪೊಲೀಸನೊಬ್ಬ ಅಲ್ಲಿಂದ ಸರಿಯುವಂತೆ ಗದರಿಸಿದ. ಒಳಗೆ ನುಡಿಸುತ್ತಿರುವವನು ತಾನೇ ಎಂದರೂ ಬಿಡಲಿಲ್ಲ. ತಲೆ ಒಡೆದು ರಕ್ತ ಸುರಿಯುವಂತೆ ಹೊಡೆದು ಬಂಧಿಸಲಾಯಿತು. ಮುಂದೆ ಮೊಕದ್ದಮೆ ಬಿದ್ದುಹೋಯಿತು. ಬಿಳಿಯ ಇವಾನ್ಸ್ ಮತ್ತು ಕರಿಯ ಸಂಗಡಿಗರು ಸ್ಟುಡಿಯೋದಲ್ಲಿ ಒಬ್ಬರಿಗೊಬ್ಬರು ಕೊಟ್ಟ ಜಾಗವನ್ನು ಊರಿನ ಪಾದಚಾರಿ ದಾರಿ ಡೇವಿಸ್ ಅವರಿಗೆ ಕೊಡಲಿಲ್ಲ. ಐವತ್ತು ವರ್ಷಗಳ ನಂತರ, 2009ರಲ್ಲಿ, ಅಮೆರಿಕದ ಸಂಸತ್ತಿನ ಕೆಳಮನೆ ಇದೇ ಮುದ್ರಿಕೆಯನ್ನು ಗೌರವಿಸಿ ನಿರ್ಣಯ ಅಂಗೀಕರಿಸಿತು.

ಇದರಲ್ಲಿ ನುಡಿಸಿದ ಏಳು ಮಂದಿಯಲ್ಲಿ ಕೊನೆಯವರು ಡ್ರಮ್ ವಾದಕ ಜಿಮ್ಮಿ ಕಾಬ್. ಅವರು 2020ರಲ್ಲಿ ತೀರಿಕೊಂಡರು. ಜಾಝ್ ಕೇಳಿಯೇ ಇಲ್ಲದವರು ‘ಸೋ ವಾಟ್’ನಿಂದ ಆರಂಭಿಸಬಹುದು. ಪಾಲ್ ಚೇಂಬರ್ಸ್ ಅವರ ಬಾಸ್ ತಂತಿವಾದ್ಯ ಪ್ರಶ್ನೆ ಕೇಳಿದಂತೆ ನುಡಿಯುತ್ತದೆ. ಉಳಿದವರು ಎರಡೇ ಸ್ವರದಲ್ಲಿ ಉತ್ತರಿಸುತ್ತಾರೆ. ಅಷ್ಟನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ.