ಚಳಿಗಾಲದ ಟಂಟಂ: ಬಿಸಿ ಆಮೇಲೆ, ಮೊದಲು ಗಾಳಿ

ಜನವರಿ ತಿಂಗಳ ನಸುಕು. ಕುಂದಗೋಳ ಸೀಮೆಯ ಹಳ್ಳಿಯೊಂದರಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಹಳೆಯ ಮೂರು ಗಾಲಿಯ ಟಂಟಂನಲ್ಲಿ ಚಾಲಕನ ಪಕ್ಕ ಮುದುಡಿ ಕೂತಿದ್ದೆ. ಅವನ ತಲೆಗೆ ಮಫ್ಲರ್, ಮೈಗೆ ಸ್ವೆಟರ್, ಅದರ ಮೇಲೆ ಕಂಬಳಿ. ಆದರೂ, "ಮೊಣಕಾಲ ಕೆಳಗ ಜೀವಾನ ಇಲ್ರೀ ಸರ" ಅಂದ. ಬಗ್ಗಿ ಬ್ರೇಕ್ ಪೆಡಲಿನ ಬುಡದಲ್ಲಿ ಕೈ ಹಿಡಿದೆ. ಪೆಡಲ್ ಇಳಿಯುವ ಸೀಳಿನಿಂದ ಗಾಳಿ ಪಿಚಕಾರಿಯ ಹಾಗೆ ನುಗ್ಗುತ್ತಿತ್ತು. ನಮ್ಮ ಬೆನ್ನ ಹಿಂದೆ, ಚೀಲಗಳ ಕೆಳಗೆ, ಎಂಜಿನ್ ಮಾತ್ರ ಕೈ ಇಡಲಾಗದಷ್ಟು ಕಾದಿತ್ತು.

ಆ ಕಾವನ್ನು ಮುಂದಕ್ಕೆ ತರಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಾರಿನಲ್ಲಿ ಇದು ಸುಲಭ. ಎಂಜಿನ್ ಸುತ್ತ ಹರಿದು ಬಿಸಿಯಾದ ನೀರನ್ನೇ ಡ್ಯಾಶ್‌ಬೋರ್ಡಿನ ಒಳಗಿನ ಸಣ್ಣ ರೇಡಿಯೇಟರಿಗೆ ತಂದು, ಫ್ಯಾನ್ ಊದಿದರೆ ಆಯಿತು, ಅದೇ ಹೀಟರ್. ಆದರೆ 1999ರಲ್ಲಿ ಶುರುವಾದ ಪಿಯಾಜಿಯೊ ಕಂಪನಿಯ ಬಾರಾಮತಿ ಕಾರ್ಖಾನೆಯಿಂದ ನಮ್ಮ ಹಳ್ಳಿಗಳಿಗೆ ಬಂದ ಹಳೆಯ ಆಪೆಯಂಥ ಗಾಡಿಗಳಲ್ಲಿ ಇರುವುದು ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ ಡೀಸೆಲ್ ಎಂಜಿನ್. ನೀರಿನ ಮಾತೇ ಇಲ್ಲ. ಸಿಲಿಂಡರಿನ ಮೈಗಿರುವ ಲೋಹದ ರೆಕ್ಕೆಗಳ ಮೇಲೆ ಫ್ಯಾನ್ ಗಾಳಿ ಬೀಸುತ್ತದೆ, ಬಿಸಿಗಾಳಿ ರಸ್ತೆಗೆ ಹೋಗುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 10 ಯೂನಿಟ್ ಶಾಖವಿದೆ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೀಗೆ ಎಂಜಿನ್ ತಣಿಸುವುದರಲ್ಲೇ ಹೋಗುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ.

1950ರಲ್ಲಿ ತಯಾರಾಗತೊಡಗಿದ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿನದೂ ಗಾಳಿಯಿಂದಲೇ ತಣಿಯುವ ಎಂಜಿನ್, ಅದೂ ಹಿಂಭಾಗದಲ್ಲೇ. ಹೊಗೆ ಕೊಳವೆಗೆ ತಗಡಿನ ಕವಚ ತೊಡಿಸಿ, ಆ ಕವಚದೊಳಗೆ ಕಾದ ಗಾಳಿಯನ್ನು ವ್ಯಾನಿನ ಉದ್ದಕ್ಕೂ ಹಾಯಿಸಿ ಮುಂದಿನ ಗಾಜಿನವರೆಗೆ ತಂದರು. ದಾರಿಯಲ್ಲೇ ಅರ್ಧ ಬಿಸಿ ಸೋರಿಹೋಗುತ್ತಿತ್ತು. ಆ ಹಳೆಯ ವ್ಯಾನ್ ಇಟ್ಟುಕೊಂಡವರು ಇಂದಿಗೂ ಬಿಸಿಗಾಳಿ ಹಾಯುವ ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತುತ್ತಾರೆ, ತುಕ್ಕು ಹಿಡಿದ ಕವಚ ಬದಲಾಯಿಸುತ್ತಾರೆ. ಹೊಗೆ ಕೊಳವೆಗೆ ಕೂದಲೆಳೆಯಷ್ಟು ಬಿರುಕು ಬಿದ್ದರೂ ಬಿಸಿಗಾಳಿಯ ಜೊತೆ ವಿಷಗಾಳಿ ಒಳಗೆ ಬರುತ್ತದೆ.

ನಮ್ಮ ಟಂಟಂಗೆ ಹಾಗೊಂದು ಪೈಪ್ ಎಳೆದರೆ? ಲೆಕ್ಕ ಹಾಕೋಣ. ತೆರೆದ ಕ್ಯಾಬಿನ್ ಒಳಗೆ ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿ ಹೊಕ್ಕು ಹೊರಬೀಳುತ್ತಿದೆ ಎಂದಿಟ್ಟುಕೊಳ್ಳಿ. ಅಷ್ಟೂ ಗಾಳಿಯನ್ನು 10 ಡಿಗ್ರಿ ಬಿಸಿ ಮಾಡಲು ಗಂಟೆಗೆ 12 ಯೂನಿಟ್ ಬೇಕು. ಒಂದು ಲೀಟರ್ ಡೀಸೆಲನ್ನು ಪೂರ್ತಿ ಸುಟ್ಟರೂ ಸಾಲದು! ಅದೇ ಸಂದಿಗಳನ್ನು ಮುಚ್ಚಿ, ಒಳಬರುವ ಗಾಳಿಯನ್ನು ಸೆಕೆಂಡಿಗೆ 20 ಲೀಟರಿಗೆ ಇಳಿಸಿದರೆ ಕಾಲು ಯೂನಿಟ್ ಸಾಕು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಇಬ್ಬರು ಕೂತರೆ ಬೇಕಾದದ್ದರಲ್ಲಿ ಬಹುಪಾಲು ಅಲ್ಲೇ ಸಿಕ್ಕಿತು. ನವಲಗುಂದ, ಅಣ್ಣಿಗೇರಿಯ ಬಯಲು ಎರೆಭೂಮಿಯಲ್ಲಂತೂ ಗಾಳಿಗೆ ಅಡ್ಡ ಬರುವ ಮರಗಳೇ ಕಡಿಮೆ. 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬಡಿದರೆ ಬರಿಮೈಗೆ ಅದು 6 ಡಿಗ್ರಿಯಷ್ಟು ಕೊರೆಯುತ್ತದೆ.

ಆದ್ದರಿಂದ ಕೆಲಸ ಪೆಡಲಿನಿಂದ ಶುರುವಾಗಲಿ. ಹಳೆಯ ಟ್ಯೂಬನ್ನು ಅಂಗೈಯಗಲ ಕತ್ತರಿಸಿ, ನಡುವೆ ಒಂದು ಸೀಳು ಕೊಟ್ಟು, ಪೆಡಲ್ ಅದರೊಳಗೆ ಸಲೀಸಾಗಿ ಆಡುವಂತೆ ನೆಲದ ತಗಡಿಗೆ ಬಿಗಿಯಿರಿ. ಪೆಡಲ್ ತುಳಿದು ಬಿಟ್ಟಾಗ ತಾನೇ ಪೂರ್ತಿ ಮೇಲೆ ಬರಬೇಕು, ಇದನ್ನು ಹತ್ತು ಸಲ ನೋಡಿ. ಹ್ಯಾಂಡಲ್ ಕಂಬ ಇಳಿಯುವ ಕಡೆಗೂ ಹೀಗೇ. ಬಾಗಿಲ ಅಂಚಿಗೆ ರಬ್ಬರ್ ಬೀಡಿಂಗ್, ಬಾಗಿಲಿಲ್ಲದ ಗಾಡಿಗೆ ದಪ್ಪ ರೆಗ್ಜಿನ್ ಪರದೆ, ಕೆಳತುದಿಗೆ ಪಟಪಟ ಹಾರದಂತೆ ಕಬ್ಬಿಣದ ಪಟ್ಟಿ. ಕನ್ನಡಿ ಕಾಣುವ ಜಾಗದಲ್ಲಿ ಪಾರದರ್ಶಕ ಹಾಳೆಯನ್ನೇ ಹೊಲಿಸಿ. ತಗಡು ಕಾಲಿನ ಬಿಸಿಯನ್ನು ಹೀರುತ್ತದೆ, ಅದಕ್ಕೆ ನೆಲಕ್ಕೆ ಏನಾದರೂ ದಪ್ಪದ್ದು ಬೇಕು. ನವಲಗುಂದದ ಜಮಖಾನೆಯ ಹಳೆಯ ತುಂಡು ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಅದು ಜಾರಿ ಬ್ರೇಕಿನ ಕೆಳಗೆ ಸಿಕ್ಕಿಕೊಳ್ಳದ ಹಾಗೆ ಮೂಲೆಗಳನ್ನು ಕಟ್ಟಿ. ಕಲಘಟಗಿ ಕಡೆ ಮಂಜು ಹೆಚ್ಚು. ಕ್ಯಾಬಿನ್ ಪೂರ್ತಿ ಮುಚ್ಚಿದರೆ ಉಸಿರಿನ ಹಬೆ ಗಾಜಿಗೆ ಕೂರುತ್ತದೆ, ಒಂದು ಬದಿ ಎರಡು ಬೆರಳು ಸಂದಿ ಇರಲೇಬೇಕು.

ನಾನು ಕಂಡ ಆ ಟಂಟಂಗೆ ಇಷ್ಟೇ ಮಾಡಿದ್ದು. ಮುಂದಿನ ಸಲ ಚಾಲಕನ ಕಂಬಳಿ ಮೈಮೇಲಿರಲಿಲ್ಲ, ಸೀಟಿನ ಹಿಂದಿತ್ತು.

ಹಿಂಭಾಗಕ್ಕೆ ಮಾತ್ರ ಕೈ ಹಾಕಬೇಡಿ. ಚಳಿಯೆಂದು ತಾಡಪತ್ರಿ ಎಳೆದು ಎಂಜಿನ್ನಿನ ಗಾಳಿದಾರಿ ಮುಚ್ಚಿದರೆ ಎಂಜಿನ್ ಕಾದು ಸೀಜ್ ಆಗುತ್ತದೆ.

ಇನ್ನು ರಾತ್ರಿಯ ಮಾತು. ಮಾರುಕಟ್ಟೆಯಲ್ಲಿ ಸರದಿ ಕಾಯುತ್ತ ಗಾಡಿಯಲ್ಲೇ ಮಲಗುವವರು ಬಹಳ. ಬೋಗುಣಿಯಲ್ಲಿ ಕೆಂಡ ಇಟ್ಟುಕೊಂಡು ಪರದೆ ಎಳೆದುಕೊಳ್ಳಬೇಡಿ, ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಕೆಂಡದಿಂದಲೂ ಹೊಗೆ ಕೊಳವೆಯಿಂದಲೂ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ದಿನವಿಡೀ ದುಡಿದವನಿಗೆ ಇದು ಬರೀ ದಣಿವೆಂದು ತೋರುತ್ತದೆ, ನಿದ್ದೆ ಬಂತೆಂದು ಒರಗುತ್ತಾನೆ. ಜೊತೆಗಾರ ಹಾಗೆ ತೂಗಾಡುವುದು ಕಂಡರೆ ಪರದೆ ಕಿತ್ತು ಅವನನ್ನು ಬಯಲಿಗೆ ಎಳೆಯಿರಿ, 108ಕ್ಕೆ ಫೋನ್ ಮಾಡಿ.